ಅಮ್ಮನ ನಂಬರ್ 91: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮ್ಮ ಅಮ್ಮನ ನಂಬರ್ 91. ಜ್ವರ ಇಲ್ಲ, ನೆಗಡಿ ಇಲ್ಲ, ಆರಾಮಾಗಿ ಜಗಲಿ ಮೇಲೆ ಕೂತು ಮಾತಾಡುತ್ತಿರುವಾಗ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದರೆ ಅಷ್ಟೇ ತೋರಿಸುತ್ತದೆ. ನಿಮ್ಮದು, ನನ್ನದು 97, 98 ಇರಬಹುದು. ಅಮ್ಮನದು 91. ಒಂದೊಂದು ದಿನ 90. ಈ ನಂಬರ್ ಯಾವ ಚೀಟಿಯಲ್ಲೂ ಬರೆದಿರಲಿಲ್ಲ. ಅದೊಂದೇ ಕಾರಣಕ್ಕೆ 2021ರ ಮೇ ತಿಂಗಳಲ್ಲಿ ನಾವು ಅಮ್ಮನನ್ನು ಕಳೆದುಕೊಳ್ಳುವುದರಲ್ಲಿದ್ದೆವು.

ನಾನು ಶಿವಮೊಗ್ಗ ಜಿಲ್ಲೆಯವಳು. ನಮ್ಮದು ಅಡಿಕೆ ತೋಟದ ಮನೆ, ಎರಡು ಎಕರೆ. ಅಮ್ಮ ಜೀವನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ಸೌದೆ ಒಲೆ. ಬೆಳಿಗ್ಗೆ ಅಡುಗೆ ಒಲೆ, ಬಚ್ಚಲ ಒಲೆ, ಸಂಜೆ ಮತ್ತೆ ಅವೆರಡೂ. ಸುಗ್ಗಿ ಬಂದರೆ ಅಡಿಕೆ ಬೇಯಿಸುವ ಹಂಡೆಯ ಒಲೆ, ಅದು ಬೆಳಗಿನ ಜಾವಕ್ಕೇ ಶುರು. ಮಳೆಗಾಲದಲ್ಲಿ ಹಸಿ ಸೌದೆ, ಉರಿಗಿಂತ ಹೊಗೆಯೇ ಜಾಸ್ತಿ. ಮಲೆನಾಡಿನ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮೈಸೂರು ಸುತ್ತಲಿನ ಹಳ್ಳಿ ಹೆಂಗಸರ ಬಗ್ಗೆ ನಡೆದ ಒಂದು ಅಧ್ಯಯನದಲ್ಲಿ ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಕೂರುತ್ತಾರೆ, ಎಷ್ಟು ವರ್ಷ ಕೂತಿದ್ದಾರೆ, ಇವೆರಡನ್ನೂ ಗುಣಿಸಿ ನೋಡಿದ್ದರು. ಗುಣಿಸಿದ್ದು 60 ದಾಟಿದರೆ ವರ್ಷಗಟ್ಟಲೆ ಬಿಡದ ಕೆಮ್ಮು, ಕಫ ಬರುವ ಅಪಾಯ ಏರುತ್ತದೆ ಅಂತ ಕಂಡುಕೊಂಡಿದ್ದರು. ಅಮ್ಮನ ಲೆಕ್ಕ ನಾನೇ ಹಾಕಿದೆ. ದಿನಕ್ಕೆ ನಾಲ್ಕು ಗಂಟೆ, ಮೂವತ್ತು ವರ್ಷ. 120.

2016ರಲ್ಲಿ ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರು ಅಮ್ಮನ ಕೈಗೆ ಕೊಳವೆ ಕೊಟ್ಟು ಜೋರಾಗಿ ಊದಿಸಿದರು. ಸಿಒಪಿಡಿ ಅಂದರು. ಶ್ವಾಸನಾಳ ಕಿರಿದಾಗಿದೆ, ಒಳಗಿನ ಗಾಳಿ ಚೀಲಗಳೂ ಹಾಳಾಗಿವೆ, ಒಳಗೆ ಹೋದ ಗಾಳಿ ಹೊರಗೆ ಬರಲು ಒದ್ದಾಡುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಂತ ಬಿಡಿಸಿ ಹೇಳಿದರು. ಅದಕ್ಕೂ ಮೊದಲು ಹತ್ತು ವರ್ಷ ನಮ್ಮೂರಲ್ಲಿ ಅದಕ್ಕೆ ಇದ್ದ ಹೆಸರು ‘ದಮ್ಮು’ ಅಷ್ಟೇ. ದಮ್ಮು ಅಂದರೆ ಒಂದು ಇಂಜೆಕ್ಷನ್, ಡೆರಿಫಿಲಿನ್ ಮಾತ್ರೆ, ಕೆಮ್ಮಿನ ಸಿರಪ್ಪು. ಎರಡು ಸಲ ಕಫ ಪರೀಕ್ಷೆಗೂ ಕಳಿಸಿದ್ದರು. ಟಿಬಿ ಇಲ್ಲ, ಏನೂ ತೊಂದರೆ ಇಲ್ಲ, ಹೋಗಿ ಅಂದರು. ಟಿಬಿ ಇಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ಅಲ್ವಾ? ಆದರೆ ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಕೆಮ್ಮುವವರಿಗೆ ಕೇಳುವ ಪ್ರಶ್ನೆ ಅದೊಂದೇ.

ಈಗ ಕೊರೊನಾ ಕಾಲಕ್ಕೆ ಬರುತ್ತೇನೆ.

ಈ ದೇಶದಲ್ಲಿ ಕೊರೊನಾದಿಂದ ಆದ ಮೊದಲ ಸಾವು ನಮ್ಮ ರಾಜ್ಯದ್ದೇ. 2020ರ ಮಾರ್ಚ್‌ನಲ್ಲಿ, ಕಲಬುರಗಿಯ 76 ವರ್ಷದ ಹಿರಿಯರು. ಅವರಿಗೆ ಬಿಪಿ ಮತ್ತು ಅಸ್ತಮಾ ಇತ್ತು ಅಂತ ಸರ್ಕಾರದ ಪ್ರಕಟಣೆಯೇ ಹೇಳಿತ್ತು. ಅಂದರೆ ಮೊದಲ ದಿನದಿಂದಲೇ ನಮಗೆ ಸೂಚನೆ ಸಿಕ್ಕಿತ್ತು. ಆಮೇಲೆ ಜಗತ್ತಿನ ಎಷ್ಟೋ ಕಡೆಯ ಅಧ್ಯಯನಗಳಲ್ಲಿ ಸಿಒಪಿಡಿ ಇದ್ದವರಿಗೆ ಕೊರೊನಾ ಬಂದರೆ ಆಸ್ಪತ್ರೆ ಸೇರುವ, ಐಸಿಯುಗೆ ಹೋಗುವ, ಸಾಯುವ ಅಪಾಯ ಬೇರೆಯವರಿಗಿಂತ ಜಾಸ್ತಿ ಅಂತ ಗೊತ್ತಾಯಿತು. ಔಷಧಿ ಸರಿಯಾಗಿ ತೆಗೆದುಕೊಂಡು ಹತೋಟಿಯಲ್ಲಿಟ್ಟ ಅಸ್ತಮಾದಲ್ಲಿ ಅಷ್ಟು ಭಯ ಇಲ್ಲ ಅನ್ನುವುದೂ ಗೊತ್ತಾಯಿತು. ಈ ಎರಡನ್ನೂ ಬಿಡಿಸಿ ಹೇಳುವವರು ಹಳ್ಳಿಗಳಲ್ಲಿ ಇರಲಿಲ್ಲ. ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇದೆ, ಅದರಿಂದ ಶಕ್ತಿ ಕುಗ್ಗಿ ಕೊರೊನಾ ಬೇಗ ಅಂಟುತ್ತದೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಹಾಕಿದ್ದು ನಮ್ಮೂರಿನ ಮನೆ ಮನೆಗೂ ತಲುಪಿತು. ಇನ್‌ಹೇಲರ್ ನಿಲ್ಲಿಸಬೇಡಿ ಅನ್ನುವ ಮಾತು ಮಾತ್ರ ತಲುಪಲಿಲ್ಲ. ನಮ್ಮ ಕೇರಿಯಲ್ಲೇ ಇಬ್ಬರು ಇನ್‌ಹೇಲರ್ ಪಂಪ್ ಬಿಟ್ಟರು. ಅಮ್ಮ ಬಿಡಲಿಲ್ಲ, ಯಾಕೆಂದರೆ ನಾನು ದಿನಾ ಫೋನ್ ಮಾಡಿ ಜಗಳ ಆಡುತ್ತಿದ್ದೆ.

2021ರ ಮಾರ್ಚ್ 1ರಿಂದ 60 ದಾಟಿದವರಿಗೂ, 45ರಿಂದ 59ರ ಒಳಗಿನ ಕಾಯಿಲೆಯವರಿಗೂ ಲಸಿಕೆ ಶುರುವಾಯಿತು. ಅಮ್ಮನಿಗೆ ಆಗ 57. ಯಾವ ಕಾಯಿಲೆಗಳು ಅಂತ ಕೇಂದ್ರ ಸರ್ಕಾರ 20ರ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಶ್ವಾಸಕೋಶದ ಕಾಯಿಲೆಯೂ ಇತ್ತು. ಷರತ್ತು ಏನೆಂದರೆ ಕಳೆದ ಎರಡು ವರ್ಷದಲ್ಲಿ ಆಸ್ಪತ್ರೆಗೆ ಸೇರಿರಬೇಕು, ಇಲ್ಲವೇ ಎಫ್‌ಇವಿ1 ಇರಬೇಕಾದ್ದರ ಶೇಕಡಾ 50ಕ್ಕಿಂತ ಕಡಿಮೆ ಇರಬೇಕು. ಎಫ್‌ಇವಿ1 ಅಂದರೆ ಊದುವ ಪರೀಕ್ಷೆಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬರುತ್ತದೆ ಅನ್ನುವ ಅಳತೆ. ಅಮ್ಮ ಆಸ್ಪತ್ರೆಗೆ ಸೇರಿರಲಿಲ್ಲ, ಮನೆಯಲ್ಲೇ ಹೇಗೋ ನಿಭಾಯಿಸಿದ್ದೆವು. 2016ರ ಚೀಟಿ ಮಳೆಗಾಲದ ಶೀತಕ್ಕೆ ಅಂಟಿಕೊಂಡು ಅಕ್ಷರ ಅಳಿಸಿಹೋಗಿತ್ತು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಊದುವ ಮಷಿನ್ನೇ ಇಲ್ಲ ಅಂದರು. ಶಿವಮೊಗ್ಗದಲ್ಲಿ ಕೇಳಿದರೆ, ಊದಿದರೆ ವೈರಸ್ ಹರಡುತ್ತದೆ ಅಂತ ಆ ಪರೀಕ್ಷೆ ನಿಲ್ಲಿಸಿದ್ದೇವೆ ಅಂದರು. ನಿಲ್ಲಿಸಿದ್ದು ತಪ್ಪು ಅಂತ ಹೇಳುತ್ತಿಲ್ಲ, ಆಗ ಅದು ಸರಿಯೇ. ನಾನು ಹೇಳುತ್ತಿರುವುದು, ಕೊರೊನಾ ಬರುವ ಮುಂಚಿನ ಅಷ್ಟು ವರ್ಷಗಳಲ್ಲಿ ಯಾರಾದರೂ ಅಳೆದು ಬರೆದಿಟ್ಟಿದ್ದರೆ ಆವತ್ತು ಆ ಪರೀಕ್ಷೆ ಬೇಕೇ ಆಗುತ್ತಿರಲಿಲ್ಲ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಕೊಡಲು ಶುರು ಮಾಡಿದ ಮೇಲೆ, ಸರದಿ ಸಿಕ್ಕಿ ಅಮ್ಮನಿಗೆ ಮೊದಲ ಡೋಸ್ ಆಗುವಷ್ಟರಲ್ಲಿ ಏಪ್ರಿಲ್ ಅರ್ಧ ಕಳೆದಿತ್ತು. ಎರಡನೇ ಅಲೆ ಬಾಗಿಲಿಗೇ ಬಂದಿತ್ತು.

ಏಪ್ರಿಲ್ ಕೊನೆಯಲ್ಲಿ ನಮ್ಮೂರಿನ ಆಶಾ ಅಕ್ಕ ಮನೆ ಮನೆ ಸರ್ವೆಗೆ ಬಂದರು. ಅಮ್ಮನ ಬೆರಳಿಗೆ ಮಷಿನ್ ಹಾಕಿದರೆ 91. ಅವರಿಗೆ ಹೇಳಿಕೊಟ್ಟದ್ದು 94ಕ್ಕಿಂತ ಕಡಿಮೆ ಇದ್ದರೆ ಕಳಿಸಿ ಅಂತ. ಪಾಪ, ಅವರು ಹೇಳಿದ್ದನ್ನು ಮಾಡಿದರು. ಅಪ್ಪಯ್ಯ ಗಾಬರಿಯಾಗಿ ಬಾಡಿಗೆ ಜೀಪು ಮಾಡಿಕೊಂಡು ಅಮ್ಮನನ್ನು ಕರೆದುಕೊಂಡು ಹೋದರು. ಜ್ವರ ಬಂದವರು, ಕೆಮ್ಮುವವರು, ಎಲ್ಲರ ಮಧ್ಯೆ ಮೂರು ಗಂಟೆ ಬೆಂಚಿನ ಮೇಲೆ. ಆಮೇಲೆ ಒಬ್ಬ ಡಾಕ್ಟರು ನೋಡಿ, ಇವರ ಶ್ವಾಸಕೋಶವೇ ಹಾಗೆ, ಇವರಿಗೆ ಇದು ಮಾಮೂಲಿ, ಮನೆಗೆ ಹೋಗಿ ಅಂದರು. ಟೆಸ್ಟೂ ನೆಗೆಟಿವ್ ಬಂತು. ಎಷ್ಟರವರೆಗೆ ಮಾಮೂಲಿ, ಎಲ್ಲಿಂದ ಕೆಳಗೆ ಅಪಾಯ ಅಂತ ಯಾರೂ ಬರೆದುಕೊಡಲಿಲ್ಲ.

ಹತ್ತು ದಿನಕ್ಕೆ ಅಮ್ಮನಿಗೆ ನಿಜವಾಗಿ ಜ್ವರ ಬಂತು. ನಮ್ಮ ಕಡೆ ಆ ತಿಂಗಳುಗಳಲ್ಲಿ ಜ್ವರ ಅಂದರೆ ಮಂಗನ ಕಾಯಿಲೆಯ ಭಯವೂ ಇರುತ್ತದೆ, ಅದಕ್ಕೂ ರಕ್ತ ಕಳಿಸಿದರು. ಕೆಮ್ಮು ಹೇಗಿದೆ ಅಂದರೆ ಯಾವಾಗಲೂ ಇರುವ ಹಾಗೇ ಇದೆ ಅಂದರು ಅಮ್ಮ. ಉಸಿರಾಟ? ಅದೂ ಯಾವಾಗಿನ ಹಾಗೇ. ಇದೇ ನೋಡಿ ಈ ಕಾಯಿಲೆಯ ಕಷ್ಟ. ಕೊರೊನಾದ ಲಕ್ಷಣ ಅಂತ ಟಿವಿಯಲ್ಲಿ ಏನೇನು ಹೇಳುತ್ತಿದ್ದರೋ ಅದರಲ್ಲಿ ಅರ್ಧ ಇವರಿಗೆ ವರ್ಷ ಪೂರ್ತಿ ಇರುತ್ತದೆ. ಆರು ನಿಮಿಷ ನಡೆದು ಸ್ಯಾಚುರೇಷನ್, ಅಂದರೆ ಈ ಆಕ್ಸಿಜನ್ ನಂಬರ್, ನೋಡಿಕೊಳ್ಳಿ, ಇಳಿದರೆ ಆಸ್ಪತ್ರೆಗೆ ಬನ್ನಿ ಅನ್ನುತ್ತಿದ್ದರು. ಅಮ್ಮ ಬಾವಿಯಿಂದ ಒಂದು ಕೊಡ ನೀರು ತಂದರೂ ಇಳಿಯುತ್ತದೆ. ಮೂರನೇ ದಿನ ಬೆರಳಿನ ಮಷಿನ್ 86 ತೋರಿಸಿತು. ಹೋದ ಸಲ ಸುಮ್ನೆ ಗಾಬರಿ ಬಿದ್ದು ಓಡಿದ್ದೆವಲ್ಲ, ಡಾಕ್ಟರೇ ಮಾಮೂಲಿ ಅಂದಿದ್ದಾರಲ್ಲ ಅಂತ ಅಪ್ಪಯ್ಯ ಒಂದು ದಿನ ಕಾದರು. 91 ಇದ್ದಾಗ ಓಡಿದೆವು, 86 ಬಂದಾಗ ಮನೆಯಲ್ಲೇ ಕೂತೆವು. ಆ ಒಂದು ದಿನದ ಬಗ್ಗೆ ಅಪ್ಪಯ್ಯ ಇವತ್ತಿಗೂ ಮಾತಾಡುವುದಿಲ್ಲ.

ನಾನು ತಲುಪುವಷ್ಟರಲ್ಲಿ ಅಮ್ಮ 82ಕ್ಕೆ ಇಳಿದಿದ್ದರು. ಒಂದು ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿತು, ಹೆಸರು ಬೇಡ. ಅಲ್ಲಿದ್ದವರು ಹಗಲು ರಾತ್ರಿ ದುಡಿಯುತ್ತಿದ್ದರು, ಅದನ್ನು ಕಣ್ಣಾರೆ ನೋಡಿದ್ದೇನೆ. ಆಕ್ಸಿಜನ್ ಹಾಕಿದರು. ನಂಬರ್ 98ಕ್ಕೆ ಏರಿತು. ನಮಗೆಲ್ಲ ಖುಷಿ. ಪಕ್ಕದ ಬೆಡ್‌ನವರೂ ಪರವಾಗಿಲ್ಲಮ್ಮ, 98 ಬಂತು ಅಂದರು. ಅದು ಯಾವ ದಿನಗಳು ಅಂತ ನಿಮಗೆ ನೆನಪಿದೆ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಗಿ, ಬೆಳಗಾಗುವಷ್ಟರಲ್ಲಿ 24 ಮಂದಿ ಸತ್ತ ಸುದ್ದಿ ಬಂದಿತ್ತು. ಅಂಥ ದಿನಗಳಲ್ಲಿ ಅಮ್ಮನಿಗೆ ಬೇಕಾದಷ್ಟು ಆಕ್ಸಿಜನ್ ಸಿಕ್ಕಿತಲ್ಲ ಅಂತ ದೇವರಿಗೆ ಕೈ ಮುಗಿದೆ.

ಆವತ್ತು ರಾತ್ರಿ ಅಮ್ಮ ಮಂಕಾದರು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದರು. ನನ್ನನ್ನು ತೀರಿಹೋದ ಚಿಕ್ಕಮ್ಮನ ಹೆಸರಿನಿಂದ ಕರೆದರು. ಕೈ ಅದುರುತ್ತಿತ್ತು. ಮಷಿನ್ ಮಾತ್ರ 98 ತೋರಿಸುತ್ತಿತ್ತು. ಸುಸ್ತಿಗೆ ನಿದ್ದೆ ಬಂದಿದೆ ಅಂದರು ಅಲ್ಲಿದ್ದವರು. ಎರಡು ಗಂಟೆ ರಾತ್ರಿಗೆ ಡ್ಯೂಟಿಗೆ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅಮ್ಮನನ್ನು ನೋಡಿ, ಇವರಿಗೆ ಮುಂಚೆ ದಮ್ಮು ಇತ್ತಾ, ಒಲೆ ಹೊಗೆಯಲ್ಲಿ ಕೆಲಸ ಮಾಡಿದ್ದಾರಾ ಅಂತ ಕೇಳಿದರು. ಹೌದು ಸರ್, ಸಿಒಪಿಡಿ ಅಂದೆ. ಕೇಸ್ ಶೀಟ್ ತಿರುಗಿಸಿ ನೋಡಿದರು, ಅದರಲ್ಲಿ ಇರಲಿಲ್ಲ. ಸೇರಿಸುವಾಗ ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಕೇಳಿದ್ದರು, ಇಲ್ಲ ಅಂದಿದ್ದೆ. ಅಷ್ಟೇ ಬರೆದಿತ್ತು. ಅವರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಆಕ್ಸಿಜನ್ನಿನ ಗುಂಡಿ ತಿರುಗಿಸಿ ಇಳಿಸುತ್ತಾ ಬಂದರು. 98ರಿಂದ 94, ಆಮೇಲೆ 91, 90. ನನಗೆ ಜೀವ ಬಾಯಿಗೆ ಬಂದಿತ್ತು, ಯಾಕೆ ಸರ್ ಕಡಿಮೆ ಮಾಡುತ್ತಿದ್ದೀರಿ ಅಂತ ಅತ್ತೆ. ಅವರು ನಿಂತು ಹೇಳಿದರು. ಉಸಿರು ಬಿಟ್ಟಾಗ ಹೊರಗೆ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ಇಂಥವರಲ್ಲಿ ಕೆಲವರಿಗೆ ಪೂರ್ತಿ ಹೋಗುವುದಿಲ್ಲ, ಆಕ್ಸಿಜನ್ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟರೆ ಅದು ಇನ್ನೂ ಒಳಗೆ ತುಂಬಿಕೊಳ್ಳುತ್ತದೆ, ತಲೆಗೆ ಏರಿ ಮಂಪರು ಬರುತ್ತದೆ, ಹಾಗೇ ಬಿಟ್ಟರೆ ಉಸಿರೇ ನಿಲ್ಲಬಹುದು, ಇವರಿಗೆ 88ರಿಂದ 92ರ ಒಳಗೆ ಇದ್ದರೆ ಸಾಕು. ಬೆಳಗಿನ ಜಾವ ಅಮ್ಮ ಕಣ್ಣು ಬಿಟ್ಟು ನೀರು ಕೇಳಿದರು.

88ರಿಂದ 92 ಅನ್ನುವುದು ಆ ಡಾಕ್ಟರು ಕಂಡುಹಿಡಿದ ಗುಟ್ಟಲ್ಲ. ಕೋವಿಡ್ ಚಿಕಿತ್ಸೆಗೆ ಏಮ್ಸ್ ಮತ್ತು ಐಸಿಎಂಆರ್ ಕೊಟ್ಟ ಮಾರ್ಗಸೂಚಿಯಲ್ಲೇ ಇತ್ತು. ಬೇರೆಯವರಿಗೆ 92ರಿಂದ 96, ಸಿಒಪಿಡಿಯವರಿಗೆ 88ರಿಂದ 92. ಒಂದೇ ಸಾಲು. ಆದರೆ ಈ ರೋಗಿಗೆ ಸಿಒಪಿಡಿ ಇದೆ ಅಂತ ಹೇಳುವ ಒಂದು ಕಾಗದ ಇಲ್ಲದಿದ್ದರೆ ಆ ಸಾಲಿನಿಂದ ಏನು ಉಪಯೋಗ? ನಮ್ಮ ಪುಣ್ಯ, ಕೇಳುವ ಡಾಕ್ಟರು ಬಂದರು. ಎಷ್ಟು ಮನೆಗಳಲ್ಲಿ ಬರಲಿಲ್ಲವೋ.

ಆಗ ದಿನಾ ಸಂಜೆ ನಿಮ್ಮ ಇಲಾಖೆಯ ಬುಲೆಟಿನ್ ಬರುತ್ತಿತ್ತು. ಸತ್ತವರ ವಯಸ್ಸು, ಜಿಲ್ಲೆ, ಮೊದಲೇ ಇದ್ದ ಕಾಯಿಲೆ. ಸಕ್ಕರೆ ಕಾಯಿಲೆ, ಬಿಪಿ ಅಂತ ಸಾಲು ಸಾಲು. ನಮ್ಮಲ್ಲಿ ತುಂಬಾ ಜನ ಬಿಪಿ ನೋಡಿಸಿಕೊಂಡಿರುತ್ತಾರೆ, ಶುಗರ್ ನೋಡಿಸಿಕೊಂಡಿರುತ್ತಾರೆ, ಅದಕ್ಕೆ ಅವು ಪಟ್ಟಿಯಲ್ಲಿ ಕಾಣುತ್ತವೆ. ಶ್ವಾಸಕೋಶ ಅಳೆಸಿಕೊಂಡವರು ಎಷ್ಟು ಜನ? ದಮ್ಮಿನವರು ಸತ್ತರೆ ಆ ಜಾಗದಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆಗಳ ಹಿಂದೆ ನಮ್ಮ ಅಮ್ಮನಂಥವರು ಎಷ್ಟು ಜನ ಇದ್ದರು ಅನ್ನುವ ಯೋಚನೆ ನನ್ನನ್ನು ಬಿಟ್ಟಿಲ್ಲ.

ಮನೆಗೆ ಬಂದ ಮೇಲಿನ ಕಥೆ ಬೇರೆ. ಎರಡು ತಿಂಗಳು ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕಾಯಿತು. ಬಾಡಿಗೆಗೆ ತಂದೆವು. ಅದು ಕರೆಂಟಿನಲ್ಲಿ ಓಡುವ ಮಷಿನ್. ಜೂನ್, ಜುಲೈನಲ್ಲಿ ಮಲೆನಾಡಿನಲ್ಲಿ ಕರೆಂಟು ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ. ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ದಿನ, ಮೂರು ದಿನ ಇಲ್ಲ. ಇನ್ವರ್ಟರ್ ಬ್ಯಾಟರಿ ಬೆಳಗಾಗುವವರೆಗೂ ಬರುತ್ತಿರಲಿಲ್ಲ. ಒಂದು ರಾತ್ರಿ ಅಣ್ಣ ಪಕ್ಕದೂರಿನ ಶಾಮಿಯಾನದವರಿಂದ ಜನರೇಟರ್ ತಂದು ಮಳೆಯಲ್ಲಿ ಕೊಟ್ಟಿಗೆಯೊಳಗೆ ಇಟ್ಟು ಓಡಿಸಿದ. ಮನೆಯಲ್ಲಿ ಆಕ್ಸಿಜನ್ ಮೇಲೆ ಇರುವವರ ಪಟ್ಟಿಯೊಂದು ಮೆಸ್ಕಾಂ ಲೈನ್‌ಮನ್ ಹತ್ತಿರ ಇದ್ದರೆ, ಆ ಲೈನನ್ನು ಮೊದಲು ಸರಿಮಾಡಿ ಅಂತ ಹೇಳಿದ್ದರೆ, ಅಷ್ಟೇ ಸಾಕಿತ್ತು.

ಸಚಿವರೇ, ಇದೆಲ್ಲ ಮುಗಿದ ಕಥೆ ಅನ್ನಬೇಡಿ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಅಂದಿತು, ವೈರಸ್ ಹೋಯಿತು ಅನ್ನಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಕೊರೊನಾದ ಜೆಎನ್.1 ತಳಿ ಬಂತು. 2025ರ ಮೇ ತಿಂಗಳಲ್ಲಿ ಮತ್ತೆ ಕೇಸು ಏರಿತು. ಬೇರೆಯವರಿಗೆ ನಾಲ್ಕು ದಿನದ ನೆಗಡಿ. ಅಮ್ಮನಿಗೆ ಯಾವ ನೆಗಡಿಯೂ ನಾಲ್ಕು ದಿನದ್ದಲ್ಲ. ಕೊರೊನಾ ಇರಲಿ, ಫ್ಲೂ ಇರಲಿ, ಒಂದು ಸಲ ಬಂದು ಹೋದರೆ ಮೊದಲಿದ್ದ ಜಾಗಕ್ಕೆ ಶ್ವಾಸಕೋಶ ವಾಪಸ್ ಬರುವುದು ಗ್ಯಾರಂಟಿ ಇಲ್ಲ. 2021ಕ್ಕೆ ಮುಂಚೆ ಅಮ್ಮ ತೋಟದ ಕೆಳಗಿನ ಹಳ್ಳದವರೆಗೆ ಹೋಗಿ ಬರುತ್ತಿದ್ದರು. ಈಗ ಹಿತ್ತಿಲ ಬಾಗಿಲಿನವರೆಗೆ.

ಹಾಗಾಗಿ ನಾನು ಕೇಳುತ್ತಿರುವುದು ದೊಡ್ಡ ಆಸ್ಪತ್ರೆ ಅಲ್ಲ, ಹೊಸ ಯೋಜನೆಯ ಹೆಸರೂ ಅಲ್ಲ. ಅಳೆಯಿರಿ, ಬರೆದುಕೊಡಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಊದುವ ಮಷಿನ್ ಇರಲಿ, ಅದನ್ನು ಸರಿಯಾಗಿ ಊದಿಸಲು ಬರುವ ಒಬ್ಬರು ಇರಲಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವೂ ಈಗ ಸಿಗುತ್ತವೆ. ಗೃಹ ಆರೋಗ್ಯ ಅಂತ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಿದ್ದೀರಿ, ಒಳ್ಳೆಯ ಕೆಲಸ, ಮನಸಾರೆ ಹೇಳುತ್ತಿದ್ದೇನೆ. ಅದೇ ಕೈಯಲ್ಲಿ ಆಕ್ಸಿಮೀಟರ್ ಕೂಡ ಹಾಕಿ. ಎರಡು ಪ್ರಶ್ನೆ ಕೇಳಿ. ಎಷ್ಟು ವರ್ಷ ಸೌದೆ ಒಲೆ? ದಿಬ್ಬ ಹತ್ತಿದರೆ ಏದುಸಿರು ಬರುತ್ತದಾ? ನಮ್ಮಲ್ಲಿ ಅಡಿಕೆ ಹೊಗೆ, ಮಂಡ್ಯದ ಕಡೆ ಆಲೆಮನೆ, ಶಿಡ್ಲಘಟ್ಟ, ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಕಲ್ಲು ಕ್ವಾರಿಯವರು, ಟಿಬಿ ವಾಸಿಯಾದ ಮೇಲೂ ಏದುಸಿರು ಬಿಡುವವರು, ಇವರನ್ನೆಲ್ಲ ಮೊದಲು ನೋಡಿ. ಕೇಂದ್ರದ ಎನ್‌ಸಿಡಿ, ಅಂದರೆ ಅಂಟದ ಕಾಯಿಲೆಗಳ ಕಾರ್ಯಕ್ರಮದಲ್ಲಿ ಸಿಒಪಿಡಿಯೂ ಸೇರಿದೆ, ಆದ್ದರಿಂದ ಇದು ನಾನು ಕಲ್ಪಿಸಿಕೊಂಡ ಬೇಡಿಕೆ ಅಲ್ಲ.

ಆಮೇಲೆ ಒಂದು ಕಾರ್ಡ್ ಕೊಡಿ. ತಾಯಿ ಕಾರ್ಡ್ ಇದೆಯಲ್ಲ, ಹಾಗೆ. ಇವರಿಗೆ ಸಿಒಪಿಡಿ ಇದೆ, ಆರಾಮಿದ್ದಾಗ ಇವರ ಸ್ಯಾಚುರೇಷನ್ ಇಷ್ಟು, ಇಷ್ಟಕ್ಕಿಂತ ಇಳಿದರೆ ತಕ್ಷಣ ಕರೆತನ್ನಿ, ಆಕ್ಸಿಜನ್ ಕೊಡುವಾಗ 88ರಿಂದ 92. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ. ಆಂಬುಲೆನ್ಸ್‌ನವರಿಗೂ ಓದಲು ಬರುವ ಹಾಗೆ.

ಇನ್‌ಹೇಲರ್ ವಿಷಯವನ್ನೂ ಹೇಳಲೇಬೇಕು. ಬುಡೆಸೊನೈಡ್, ಫಾರ್ಮೊಟೆರಾಲ್, ಟಯೋಟ್ರೋಪಿಯಂ ಇವೆಲ್ಲ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಕೇಳಿದಾಗಲೆಲ್ಲ ಸಿಕ್ಕಿದ್ದು ಮಾತ್ರೆ. ಬಿಪಿ ಮಾತ್ರೆ ಒಂದು ತಿಂಗಳಿಗೆ ಕೊಡುವ ಹಾಗೆ ಪಂಪ್ ಕೂಡ ಕೊಟ್ಟರೆ ಎಷ್ಟೋ ಜನ ಉಸಿರಾಡುತ್ತಾರೆ. ಪಂಪ್ ಶುರು ಮಾಡಿದರೆ ಬಿಡೋಕಾಗಲ್ಲ ಅನ್ನುವ ಹೆದರಿಕೆ ಊರೆಲ್ಲ ಇದೆ, ಅದನ್ನು ಕೂತು ಬಿಡಿಸಿ ಹೇಳುವವರೂ ಬೇಕು. ಲಸಿಕೆಯೂ ಅಷ್ಟೇ. ಪ್ರತಿ ವರ್ಷ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾದ ಲಸಿಕೆ ಹಾಕಿಸಿ ಅಂತ ಡಾಕ್ಟರು ಹೇಳುತ್ತಾರೆ. ನಾವು ಸಾವಿರಾರು ರೂಪಾಯಿ ಕೊಟ್ಟು ಖಾಸಗಿಯಲ್ಲಿ ಹಾಕಿಸಿದೆವು. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯನ್ನು ಮಕ್ಕಳಿಗೆ ಸರ್ಕಾರವೇ ಉಚಿತವಾಗಿ ಹಾಕುತ್ತಿದೆ. ಶ್ವಾಸಕೋಶ ಹಾಳಾದ ವಯಸ್ಸಾದವರಿಗೂ ಅದನ್ನು ತಲುಪಿಸಲು ಆಗುವುದಿಲ್ಲವೇ?

ನಮ್ಮ ಮನೆಯಲ್ಲಿ ಈಗ ಗ್ಯಾಸ್ ಇದೆ, ಬಚ್ಚಲಿಗೆ ಸೋಲಾರ್ ಹಾಕಿಸಿದ್ದೇವೆ. ಮಳೆಗಾಲದಲ್ಲಿ ಬಿಸಿಲಿಲ್ಲ, ಮತ್ತೆ ಒಲೆಯೇ. ಅಡಿಕೆ ಬೇಯಿಸುವ ಕಡೆ ಅಮ್ಮನನ್ನು ಬಿಡುವುದಿಲ್ಲ, ಆದರೆ ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಐದಾರು ಹೆಂಗಸರಲ್ಲಿ ಇಬ್ಬರು ಅಮ್ಮನ ಹಾಗೇ ಕೆಮ್ಮುತ್ತಾರೆ. ಒಬ್ಬರಿಗೆ ಇನ್ನೂ ನಲವತ್ತೈದು ಆಗಿಲ್ಲ. ನಮ್ಮನೆ ಆಕ್ಸಿಮೀಟರ್ ಹಾಕಿ ನೋಡಿದೆ, 93. ಅವರನ್ನು ಎಲ್ಲಿಗೆ ಕಳಿಸಲಿ ಸಚಿವರೇ? ಊದಿಸಲು ಶಿವಮೊಗ್ಗಕ್ಕೆ ಹೋಗಿ ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಸುಗ್ಗಿ ಮುಗಿಯಲಿ ಅಕ್ಕಾ ಅಂದರು.

ಮುಂದಿನ ಸುಗ್ಗಿ ಶುರುವಾಗುವ ಮೊದಲು ನಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಮಷಿನ್ ಕಳಿಸಿ. ಬಂದ ದಿನವೇ ಈ ಇಬ್ಬರನ್ನೂ ಅಮ್ಮನನ್ನೂ ನಾನೇ ಗಾಡಿ ಮಾಡಿಕೊಂಡು ಕರೆದುಕೊಂಡು ಬರುತ್ತೇನೆ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಮಗಳು